ಬಾರದ ದಿನದ ಲೆಕ್ಕ

ಕಳೆದ ವರ್ಷ ದೀಪಾವಳಿಯ ಮುಂಚೆ ಅಡಿಗೆಮನೆಯ ಅಟ್ಟ ಗುಡಿಸುವಾಗ ಹಳೆಯ ಕ್ಯಾಲೆಂಡರುಗಳ ಒಂದು ಸುರುಳಿ ಕೈಗೆ ಸಿಕ್ಕಿತು. ವರ್ಷ ಮುಗಿದ ಕ್ಯಾಲೆಂಡರನ್ನು ಎಸೆಯುವ ಕ್ರಮ ನಮ್ಮ ಮನೆಯಲ್ಲಿಲ್ಲ. ಪುಸ್ತಕಕ್ಕೆ ಬೈಂಡು ಹಾಕಲು, ಡಬ್ಬಗಳ ಅಡಿಗೆ ಹಾಸಲು ಅದು ಬೇಕಾಗುತ್ತದೆ. ನಿಮ್ಮ ಮನೆಗಳಲ್ಲೂ ಹೀಗೆಯೇ ಇರಬಹುದು. ಅಡಿಗೆಮನೆಯ ಬಾಗಿಲಿನ ಹಿಂದೆ ತೂಗುವ ಕ್ಯಾಲೆಂಡರೆಂದರೆ ನಮ್ಮಂಥ ಹೆಂಗಸರ ದಿನಚರಿಯೇ ಅಲ್ಲವೆ? ಏಕಾದಶಿ, ಸಂಕಷ್ಟಿಯ ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲು ಹೆಚ್ಚು ತೆಗೆದುಕೊಂಡ ದಿನ, ಕೆಲಸದಾಕೆ ಬಾರದ ದಿನ, ಎಲ್ಲವೂ ಅಲ್ಲಿರುತ್ತವೆ.

ಸುರುಳಿ ಬಿಚ್ಚಿದಾಗ ಮೇಲೆಯೇ ಇದ್ದದ್ದು 2020ರ ಕ್ಯಾಲೆಂಡರ್. ಧೂಳು ಒರೆಸುತ್ತ ಹಾಳೆ ತಿರುವಿದೆ. ಮಾರ್ಚ್ 23ರಿಂದ ಪ್ರತಿ ದಿನದ ಅಂಕಿಯ ಮೇಲೂ ಕೆಂಪು ಶಾಯಿಯ ತಪ್ಪು ಗುರುತು. ಟೀಚರಮ್ಮನ ಮನೆಯಲ್ಲಿ ಕೆಂಪು ಪೆನ್ನಿಗೆ ಬರಗಾಲವೆ? ಏಪ್ರಿಲ್ ತುಂಬ ಅದೇ ಗುರುತು. ಮೇ, ಜೂನ್, ಜುಲೈ ಕೂಡ ಹಾಗೆಯೇ. ಆಗಸ್ಟಿನ ಹಾಳೆ ಮಾತ್ರ ಖಾಲಿ. ಅದು ನನ್ನದೇ ಕೈ. ನಮ್ಮ ಮನೆಗೆ ಒಂಬತ್ತು ವರ್ಷ ಪಾತ್ರೆ ತೊಳೆಯಲು, ನೆಲ ಒರೆಸಲು ಬರುತ್ತಿದ್ದವಳು 'ಬಾರದ ದಿನ'ಗಳ ಗುರುತು ಅದು.

ನಾನು ಅಟ್ಟದ ಏಣಿಯ ಮೇಲೆಯೇ ಕುಳಿತುಬಿಟ್ಟೆ. ಏಕೆಂದರೆ ಅವಳು ಬಾರದೆ ಇದ್ದದ್ದಲ್ಲ. ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಸಂಜೆ, ಎಲ್ಲರೂ ತಟ್ಟೆ ಜಾಗಟೆ ಬಾರಿಸಿ ಒಳಗೆ ಹೋದ ಮೇಲೆ, ಅವಳಿಗೆ ಫೋನು ಮಾಡಿ "ನಾಳೆಯಿಂದ ಬರಬೇಡ, ನಾನೇ ಹೇಳಿ ಕಳಿಸುತ್ತೇನೆ" ಎಂದವಳು ನಾನು. ಬರಬೇಡವೆಂದು ಹೇಳಿದವಳೇ ಬಾರದ ದಿನದ ಲೆಕ್ಕ ಬರೆದಿಟ್ಟಿದ್ದೇನೆ. ಎರಡನೆಯ ದಿನ ಟಿ.ವಿ.ಯಲ್ಲಿ 21 ದಿನಗಳ ಲಾಕ್‌ಡೌನಿನ ಘೋಷಣೆಯಾಯಿತು. ಆ ಗುರುತುಗಳಿಗೆ ಆಗ ಅರ್ಥವೇ ಉಳಿದಿರಲಿಲ್ಲ. ಆದರೂ ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ.

ಆ ದಿನಗಳನ್ನು ನೆನೆಯುವಾಗ ನಾವೆಲ್ಲ ರೋಗದ ಬಗ್ಗೆ, ಸತ್ತವರ ಬಗ್ಗೆ ಮಾತಾಡುತ್ತೇವೆ. ಅದು ಸಹಜವೇ. ಆದರೆ ರೋಗ ಮುಟ್ಟದ ಮನೆಗಳಲ್ಲೂ ಒಂದು ಸಂಕಟ ಇತ್ತು. ಅದು ಕೆಲಸದ ಸಂಕಟ. ನಾಳೆ ನನ್ನ ಕೆಲಸ ಇರುತ್ತದೋ ಇಲ್ಲವೋ, ಇದ್ದರೆ ಸಂಬಳ ಬರುತ್ತದೋ ಇಲ್ಲವೋ ಎಂಬ ಚಿಂತೆ. ಅದಕ್ಕೆ ಲಸಿಕೆ ಬರಲಿಲ್ಲ. ಈ ಸಂಕಟದಲ್ಲಿ ನನ್ನ ಪಾಲೆಷ್ಟು ಎಂಬ ಪ್ರಶ್ನೆಯನ್ನು ಆ ಕ್ಯಾಲೆಂಡರ್ ನನಗೆ ಕೇಳಿತು. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ನಮ್ಮದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಸೀಮೆ.

ಮೊದಲು ನನ್ನ ಲೆಕ್ಕ. ನಾನು ಕಾಪು ಕಡೆಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ. ತವರು ಕಾರ್ಕಳ. ಶಾಲೆ ಮುಚ್ಚಿದರೂ ನನ್ನ ಸಂಬಳ ನಿಲ್ಲಲಿಲ್ಲ. ನಾನು ಸಂಪೂರ್ಣ ಸುಮ್ಮನೆ ಕೂತಿದ್ದೆನೆಂದಲ್ಲ. ಜೂನ್ 25ರಂದು ಶುರುವಾದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮಾಸ್ಕು ಕಟ್ಟಿಕೊಂಡು ಮೇಲ್ವಿಚಾರಣೆಗೆ ಹೋದೆ. ಆಗಸ್ಟಿನಲ್ಲಿ ವಿದ್ಯಾಗಮ ಬಂದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡಿದೆ. ಆದರೆ ಏಪ್ರಿಲಿನಲ್ಲಿ, ಮೇ ತಿಂಗಳಲ್ಲಿ ನಾನು ಮಾಡಿದ್ದು ಹಲಸಿನಕಾಯಿ ಹಪ್ಪಳ. ತಿಂಗಳ ಕೊನೆಗೆ ಬ್ಯಾಂಕಿನ ಸಂದೇಶ ಮೊಬೈಲಿಗೆ ಬರುತ್ತಿತ್ತು. ನನ್ನ ಬಾರದ ದಿನಗಳಿಗೆ ಯಾರೂ ಕೆಂಪು ಗುರುತು ಹಾಕಲಿಲ್ಲ.

ಹೊರಗೆ ಮಾತ್ರ ಕೆಲಸಗಳು ಒಂದೊಂದಾಗಿ ಕಣ್ಮರೆಯಾಗುತ್ತಿದ್ದವು. ಮಣಿಪಾಲದಿಂದ ವಿದ್ಯಾರ್ಥಿಗಳು ಊರಿಗೆ ಹೋದರು. ಅವರ ಹಿಂದೆಯೇ ಮೆಸ್ಸಿನ ಅಡಿಗೆಯವರ, ರಿಕ್ಷಾದವರ, ಬಟ್ಟೆ ಇಸ್ತ್ರಿಯವರ ಸಂಪಾದನೆಯೂ ಹೋಯಿತು. ನಮ್ಮವರದು ಅಲ್ಲೇ ಹತ್ತಿರ ಒಂದು ಝೆರಾಕ್ಸ್ ಅಂಗಡಿ. ವಿದ್ಯಾರ್ಥಿಗಳ ಪ್ರಾಜೆಕ್ಟ್ ಪುಸ್ತಕಗಳಿಂದಲೇ ಬದುಕಿದ್ದ ಅಂಗಡಿಯ ಶಟರು ಬಿತ್ತು. ದಿನಾ ನನ್ನನ್ನು ಕಾಪುವಿಗೆ ಒಯ್ಯುವ ಖಾಸಗಿ ಬಸ್ಸು ಶೆಡ್ಡಿನಲ್ಲಿ ನಿಂತಿತು. ಕಂಡಕ್ಟರಿಗೆ ದಿನದ ಕಲೆಕ್ಷನ್ ಇದ್ದರೆ ತಾನೆ ಬತ್ತೆ? ಕಾರ್ಕಳದಲ್ಲಿ ಗೇರುಬೀಜದ ಫ್ಯಾಕ್ಟರಿಗಳು ಬಾಗಿಲು ಹಾಕಿದವು. ಬೀಡಿ ಬ್ರಾಂಚುಗಳು ಮುಚ್ಚಿದವು. ಎಲೆ ತಂಬಾಕು ಸಿಗದೆ, ಕಟ್ಟಿದ ಬೀಡಿ ಕೊಡಲು ಜಾಗವಿಲ್ಲದೆ, ಸೂಪು ಮಡಿಲಲ್ಲಿಟ್ಟುಕೊಂಡೇ ಬೆಳೆದ ಹೆಂಗಸರು ಬರಿಗೈಯಲ್ಲಿ ಕುಳಿತರು. ಮೇ ತಿಂಗಳ ಮೊದಲಿಗೆ ನಮ್ಮ ಉಡುಪಿ ಜಿಲ್ಲೆ ಹಸಿರು ವಲಯದಲ್ಲಿತ್ತು. ಆ ಸಮಾಧಾನ ಬಹಳ ದಿನ ಬಾಳಲಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಊರಿನವರೇ ಕೆಲಸ ಕಳೆದುಕೊಂಡು ತಿರುಗಿ ಬಂದರು. ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಅವರನ್ನು ಕ್ವಾರಂಟೈನ್ ಮಾಡಿದರು. ಅವರು ಕಳಿಸಿದ ದುಡ್ಡಿನಲ್ಲಿ ಮನೆಗೆ ಟೆರೇಸು ಹಾಕಿಸಿಕೊಂಡವರೇ ಅವರನ್ನು ಕಂಡು ಬಾಗಿಲು ಹಾಕಿಕೊಂಡದ್ದನ್ನು ನಾನು ನೋಡಿದ್ದೇನೆ. ನಮ್ಮ ಕೆಲಸದಾಕೆಯ ಗಂಡನೂ ಹಾಗೆ ಬಂದವನೇ. ಹೋಟೆಲಿನವರು ಅವನನ್ನು ಮತ್ತೆ ಕರೆಯಲಿಲ್ಲ.

ಹಾಗಾದರೆ ಕೆಲಸ ಉಳಿದವರು ಸುಖವಾಗಿದ್ದರೇ? ನನ್ನ ಅಕ್ಕನ ಮಗಳು ಒಂದು ಆಸ್ಪತ್ರೆಯಲ್ಲಿ ನರ್ಸು. ಆ ಪ್ಲಾಸ್ಟಿಕ್ ಉಡುಪು ತೊಟ್ಟರೆ ಆರು ಗಂಟೆ ನೀರು ಕುಡಿಯುವಂತಿಲ್ಲ, ಬಚ್ಚಲಿಗೆ ಹೋಗುವಂತಿಲ್ಲ. ಅವಳದು ವರ್ಷ ವರ್ಷ ಹೊಸದು ಮಾಡುವ ಕರಾರು. "ಚಿಕ್ಕಮ್ಮಾ, ಹೆದರಿಕೆ ಎಂದು ರಜೆ ಕೇಳಿದರೆ ಮುಂದಿನ ವರ್ಷಕ್ಕೆ ನನ್ನ ಹೆಸರು ಇರುವುದಿಲ್ಲ" ಎಂದಿದ್ದಳು. ಮನೆಮನೆಗೆ ಬಂದು ಜ್ವರ ಕೇಳಿ ಬರೆದುಕೊಳ್ಳುತ್ತಿದ್ದ ಆಶಾ ಕಾರ್ಯಕರ್ತೆಯರು 2020ರ ಜುಲೈ 10ರಿಂದ ರಾಜ್ಯದಲ್ಲೆಲ್ಲ ಮುಷ್ಕರ ಮಾಡಿದರು. ತಿಂಗಳಿಗೆ 12,000 ರೂಪಾಯಿಯ ನಿಶ್ಚಿತ ಗೌರವಧನ ಅವರ ಬೇಡಿಕೆಯಾಗಿತ್ತು. ನಾವು ಅವರಿಗೆ ಚಪ್ಪಾಳೆ ಹೊಡೆದು ಆಗಿತ್ತಲ್ಲ, ಇನ್ನೇನು ಬೇಕು ಎಂಬಂತೆ ಇದ್ದೆವು.

ಪಕ್ಕದ ಮನೆಯಲ್ಲಿ ಬ್ಯಾಂಕಿನವರಿದ್ದಾರೆ. ಬ್ಯಾಂಕಿನ ಕೆಲಸವೆಂದರೆ ನಮ್ಮ ಕಡೆ ಕಲ್ಲಿನ ಮೇಲೆ ಬರೆದಂತೆ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಹುಟ್ಟಿದವು. 1928ರಲ್ಲಿ ಪಿಗ್ಮಿ ಠೇವಣಿ ಶುರುವಾದಾಗ ದಿನಕ್ಕೆ ಎರಡಾಣೆ ಕೂಡಿಡಲು ಕಲಿತ ಜಿಲ್ಲೆ ನಮ್ಮದು. ಆ ಎರಡು ಬ್ಯಾಂಕುಗಳ ಹೆಸರೂ ಒಂದೇ ದಿನ ಅಳಿಸಿಹೋಯಿತು. 2020ರ ಏಪ್ರಿಲ್ 1ರಂದು, ಲಾಕ್‌ಡೌನಿನ ಎಂಟನೆಯ ದಿನ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಪಕ್ಕದ ಮನೆಯವರ ಕೆಲಸ ಹೋಗಲಿಲ್ಲ, ಸಂಬಳ ಕಡಿಮೆಯಾಗಲಿಲ್ಲ. ಆದರೂ ಅವರು ರಾತ್ರಿ ಹನ್ನೊಂದಕ್ಕೆ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಅವರ ಹೆಂಡತಿ ಬೇಲಿಯ ಆಚೆಯಿಂದ ಹೇಳಿದರು: "ಎಲ್ಲಿಗೆ ಹಾಕುತ್ತಾರೋ, ಹೊಸ ಆಫೀಸಿನಲ್ಲಿ ನಾನು ಬೇಕಾದವನೋ ಬೇಡದವನೋ ಎಂದು ಕೊರಗುತ್ತಾರೆ." ಆಗ ನನಗೆ ಹೊಳೆದದ್ದು ಇದು. ಕೆಲಸದ ಚಿಂತೆಯ ಬುಡದಲ್ಲಿರುವುದು ದುಡ್ಡೊಂದೇ ಅಲ್ಲ. ನಾನು ಯಾರಿಗಾದರೂ ಬೇಕಾದವಳೇ ಎಂಬ ಪ್ರಶ್ನೆಯೂ ಅಲ್ಲಿದೆ. ಅಡಿಗೆ ಮಾಡಿ ಮಾಡಿ ಸುಸ್ತಾಗುವ ಹೆಂಗಸು, ಒಂದು ದಿನ ಯಾರೂ ಊಟಕ್ಕೆ ಬರುವುದಿಲ್ಲ ಎಂದರೆ ಹಿಗ್ಗುತ್ತಾಳೆಯೇ? ನಾಲ್ಕು ದಿನ ಹಿಗ್ಗಬಹುದು. ಐದನೆಯ ದಿನ ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ.

ನನ್ನ ಜೊತೆ ಒಂದೇ ಬಸ್ಸಿನಲ್ಲಿ ಬರುವ ಇನ್ನೊಬ್ಬ ಟೀಚರಿದ್ದಾರೆ. ಒಂದು ಅನುದಾನರಹಿತ ಶಾಲೆಯಲ್ಲಿ ಕಲಿಸುತ್ತಾರೆ. ಎಂ.ಎ., ಬಿ.ಎಡ್. ಆದವರು, ನನಗಿಂತ ಹೆಚ್ಚು ಓದಿದವರು. ಅವರಿಗೆ ಮೇ ತಿಂಗಳಿಂದ ಅರ್ಧ ಸಂಬಳ, ಜೂನಿನಿಂದ ಅದೂ ಇಲ್ಲ. ಆದರೆ ಪಾಠ ನಿಂತಿರಲಿಲ್ಲ. ಕಂತಿನಲ್ಲಿ ಮೊಬೈಲು ಕೊಂಡು, ಅದನ್ನು ಸ್ಟೀಲ್ ಡಬ್ಬಕ್ಕೆ ಒರಗಿಸಿಟ್ಟು, ಬೆಳಿಗ್ಗೆಯಿಂದ ಸಂಜೆಯವರೆಗೆ ಆನ್‌ಲೈನ್ ಪಾಠ. ಒಮ್ಮೆ ಬಸ್ಸಿನಲ್ಲಿ ನಗುತ್ತಲೇ ಹೇಳಿದರು: "ನನಗೆ ಪಾಠ ಉಂಟು, ಸಂಬಳ ಇಲ್ಲ. ನಿಮಗೆ ಸಂಬಳ ಉಂಟು, ಪಾಠ ಇಲ್ಲ." ನಾನೂ ನಕ್ಕೆ. ಆ ನಗು ನನಗೆ ಈಗಲೂ ಚುಚ್ಚುತ್ತದೆ. ಇನ್ನೊಂದು ಮಾತನ್ನೂ ಅವರು ಹೇಳಿದ್ದರು. ಅವರ ಶಾಲೆಯಲ್ಲಿ ಒಬ್ಬರನ್ನು ಕೆಲಸದಿಂದ ತೆಗೆದದ್ದು ಪತ್ರ ಕೊಟ್ಟಲ್ಲ, ಮಾತಾಡಿಯೂ ಅಲ್ಲ. ವಾಟ್ಸಾಪ್ ಗುಂಪಿನಿಂದ ಹೆಸರು ತೆಗೆದು. ಅಂದಿನಿಂದ ಇವರು ದಿನಕ್ಕೆ ಹತ್ತು ಸಲ ಆ ಗುಂಪನ್ನು ತೆರೆದು ತಾನು ಇನ್ನೂ ಇದ್ದೇನೆಯೇ ಎಂದು ನೋಡಿಕೊಳ್ಳುತ್ತಿದ್ದರಂತೆ. ರಾತ್ರಿ ಎರಡಕ್ಕೆ ಎಚ್ಚರವಾದರೂ ಮೊದಲು ಅದನ್ನೇ ನೋಡುವುದು. 2021ರ ಜೂನಿನಲ್ಲಿ ಸರಕಾರ ಅನುದಾನರಹಿತ ಶಾಲೆಯ ಶಿಕ್ಷಕರಿಗೆ 5,000 ರೂಪಾಯಿಯ ನೆರವು ಘೋಷಿಸಿತು. ಒಂದು ವರ್ಷದ ಬದುಕಿಗೆ ಐದು ಸಾವಿರ!

ಆ ಶಾಲೆಯ ಆಡಳಿತದವರನ್ನು ಬಯ್ಯುವುದು ಸುಲಭ. ನಾನೂ ಮನಸಾರೆ ಬಯ್ದಿದ್ದೇನೆ. ಆದರೆ ಅವರ ಮಾತಿನಲ್ಲೂ ಸ್ವಲ್ಪ ಸತ್ಯವಿತ್ತು. ಮಕ್ಕಳ ಫೀಸು ಬಂದಿರಲಿಲ್ಲ. ಫೀಸು ಏಕೆ ಬರಲಿಲ್ಲ? ತಂದೆ ಬಸ್ಸಿನ ಕಂಡಕ್ಟರ್, ತಾಯಿ ಬಟ್ಟೆ ಅಂಗಡಿಯ ಸೇಲ್ಸ್‌ಗರ್ಲ್, ಇಬ್ಬರಿಗೂ ಕೆಲಸವಿಲ್ಲ. ಬಸ್ಸು ಏಕಿಲ್ಲ? ಪ್ರಯಾಣಿಕರಿಲ್ಲ. ಹೀಗೆ ಒಂದರ ಕೊಂಡಿ ಇನ್ನೊಂದಕ್ಕೆ. ಪ್ರತಿಯೊಬ್ಬನೂ ತನ್ನ ಮೇಲಿನವನ ಕಡೆ ಬೆರಳು ತೋರಿಸುತ್ತಾನೆ, ತನ್ನ ಕೆಳಗಿನವನ ಕೈ ಬಿಡುತ್ತಾನೆ. ಕಾನೂನು ಕೂಡ ಇಲ್ಲಿ ಎಡವಿತು. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ, ಮುಚ್ಚಿದ ಅವಧಿಗೂ ಸಂಬಳ ಕಡಿತ ಮಾಡದೆ ಕೊಡಬೇಕೆಂದು ಆದೇಶಿಸಿತು. ಮೇ ತಿಂಗಳಲ್ಲಿ ಆ ಆದೇಶ ಹಿಂದೆ ಸರಿಯಿತು. ಜೂನ್ 12ರಂದು ಸುಪ್ರೀಂ ಕೋರ್ಟು ಮಾಲಿಕರೂ ಕೆಲಸಗಾರರೂ ಕೂತು ಮಾತಾಡಿ ತೀರ್ಮಾನಿಸಿಕೊಳ್ಳಿ ಎಂದಿತು. ಬ್ರಿಟನ್ನಿನಂಥ ದೇಶದಲ್ಲಿ ಮನೆಯಲ್ಲಿ ಕುಳಿತ ಕೆಲಸಗಾರರ ಸಂಬಳದ ಶೇಕಡಾ 80ರವರೆಗೆ ಸರಕಾರವೇ ತುಂಬಿಕೊಟ್ಟಿತು. ನಮ್ಮಲ್ಲಿ ಅದನ್ನು ಎರಡು ಕಡೆಯವರ ಮಾತುಕತೆಗೆ ಬಿಟ್ಟರು. ಕೂತು ಮಾತಾಡಲು ಎರಡು ಕುರ್ಚಿ ಬೇಕಷ್ಟೆ. ಗುಂಪಿನಿಂದ ಹೆಸರು ಹೋಗಿದೆಯೇ ಎಂದು ರಾತ್ರಿ ಎರಡಕ್ಕೆ ನೋಡುವವರಿಗೆ ಕುರ್ಚಿ ಎಲ್ಲಿಂದ?

ಈ ಎಲ್ಲ ವಿಚಾರವನ್ನು ನಾನು ಆಗಲೂ ಮಾಡುತ್ತಿದ್ದೆ, ಬಹಳ ಚೆನ್ನಾಗಿಯೇ ಮಾಡುತ್ತಿದ್ದೆ. ಆದರೆ ಆ ಸರಪಳಿಯಲ್ಲಿ ನಾನೂ ಒಂದು ಕೊಂಡಿ, ನನ್ನ ಕೆಳಗೂ ಒಂದು ಕೈ ಇದೆ ಎಂಬುದು ಹೊಳೆದಿರಲಿಲ್ಲ. ಅವಳಿಗೆ ನಾನು ಕೊಡುತ್ತಿದ್ದದ್ದು ತಿಂಗಳಿಗೆ 2,500 ರೂಪಾಯಿ. ಮಾರ್ಚಿನದನ್ನು, ಏಪ್ರಿಲಿನದನ್ನು ಪೂರ್ತಿ ಕೊಟ್ಟೆ. ಕೊಟ್ಟು, ನಾನು ಒಳ್ಳೆಯವಳೆಂದು ನಾಲ್ಕು ಜನರಿಗೆ ಫೋನಿನಲ್ಲಿ ಹೇಳಿಯೂ ಆಯಿತು. ಮೇ ತಿಂಗಳಲ್ಲಿ ಅರ್ಧ ಕೊಟ್ಟೆ. ಜೂನಿನಲ್ಲಿ ಊರು ತೆರೆಯಿತು. ಆದರೆ ಮನೆಯಲ್ಲಿ ಎಂಬತ್ತೆರಡು ವರ್ಷದ ಅತ್ತೆ, ಅವಳ ಮನೆಯಲ್ಲಿ ಮುಂಬಯಿಯಿಂದ ಬಂದ ಗಂಡ. ಬಾ ಎನ್ನಲು ಹೆದರಿಕೆ. ಬಾರದವಳಿಗೆ ಕೊಡುವುದು ಹೇಗೆ ಎಂದು ಜೂನಿನಲ್ಲಿ ಕೊಡಲಿಲ್ಲ. ಜುಲೈಯಲ್ಲೂ ಇಲ್ಲ. ಅವಳೂ ಕೇಳಲಿಲ್ಲ. ಸೆಪ್ಟೆಂಬರಿನಲ್ಲಿ ನಾನು ಹೇಳಿ ಕಳಿಸಿದಾಗ ಅವಳು ಮನೆ ಖಾಲಿ ಮಾಡಿ ಕಾರ್ಕಳದ ಹತ್ತಿರ ತಾಯಿಮನೆಗೆ ಹೋಗಿಯಾಗಿತ್ತು. "ನೋಡಿ, ಒಂದು ಮಾತು ಹೇಳದೆ ಹೋದಳು" ಎಂದು ನಾನು ದೂರಿದ್ದೂ ಉಂಟು.

ನನಗೆ ಕಾರಣಗಳಿದ್ದವು. ನಮ್ಮವರ ಅಂಗಡಿ ಮುಚ್ಚಿತ್ತು, ಯಂತ್ರದ ಸಾಲದ ಕಂತಿತ್ತು. ಆದರೆ ಅದೇ ಅಂಗಡಿಯ ಹುಡುಗನಿಗೆ ನಮ್ಮವರು ಅಕ್ಟೋಬರ್‌ವರೆಗೆ ಪ್ರತಿ ತಿಂಗಳು ಅರ್ಧ ಸಂಬಳ ಕೊಟ್ಟಿದ್ದರು. ನನ್ನ ಸಂಬಳದಿಂದಲೇ ತೆಗೆದು ಕೊಟ್ಟದ್ದು. ನಾನು ಗೊಣಗಿದಾಗ "ಅವನು ಬಿಟ್ಟುಹೋದರೆ ಆ ಯಂತ್ರ ಗೊತ್ತಿರುವ ಇನ್ನೊಬ್ಬ ಸಿಗುವುದಿಲ್ಲ ಮಾರಾಯ್ತಿ" ಎಂದಿದ್ದರು. ಅಂದರೆ ಬದಲಿ ಸಿಗದವನನ್ನು ನಾವು ಉಳಿಸಿಕೊಂಡೆವು, ಬದಲಿ ಸಿಗುವವಳನ್ನು ಬಿಟ್ಟೆವು. ಪಾತ್ರೆ ತೊಳೆಯಲು ಯಾರಾದರೂ ಸಿಗುತ್ತಾರೆಂಬ ಧೈರ್ಯ ನನ್ನೊಳಗಿತ್ತು. ದೊಡ್ಡ ದೊಡ್ಡ ಕಂಪೆನಿಗಳು ಜನರನ್ನು ತೆಗೆಯುವುದೂ ಇದೇ ಧೈರ್ಯದ ಮೇಲೆ. ಅವರು ಕಂಪ್ಯೂಟರಿನಲ್ಲಿ ಮಾಡಿದ್ದನ್ನು ನಾನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಮಾಡಿದ್ದೆ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ಕೆಲಸ ಮಾಡದ ದಿನಕ್ಕೂ ಕೂಲಿ ಕೊಡಬೇಕೆಂದರೆ ಅದು ಸಂಬಳವಾಗುತ್ತದೆಯೇ, ದಾನವಾಗುತ್ತದೆಯೇ? ಕಷ್ಟವಿದ್ದರೆ ಅಕ್ಕಿಬೇಳೆ ಕೊಡೋಣ, ಸಹಾಯ ಮಾಡೋಣ, ಸಂಬಳವೇ ಏಕೆ? ನಾನೂ ಇದನ್ನೇ ಹೇಳಿಕೊಂಡು ಜೂನಿನಲ್ಲಿ ಹತ್ತು ಕಿಲೋ ಕುಚ್ಚಲಕ್ಕಿ ಕಳಿಸಿದ್ದೆ.

ಅಕ್ಕಿ ಎಂದಾಗ ತವರಿನ ಅಜ್ಜಿಯ ನೆನಪಾಗುತ್ತದೆ. ಭೂಸುಧಾರಣೆಗೆ ಮೊದಲು ನಮ್ಮದು ಗೇಣಿ ಬರುವ ಮನೆ. ಆಟಿ ತಿಂಗಳ ಮಳೆಯಲ್ಲಿ ಕೂಲಿಯಿಲ್ಲದೆ ಒಲೆ ಉರಿಯದ ಮನೆಗಳ ಹೆಂಗಸರು ತಲೆಗೆ ಹಾಳೆ ಮುಚ್ಚಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದರಂತೆ. ಅಜ್ಜಿ ಯಾರನ್ನೂ ಬರಿಗೈಯಲ್ಲಿ ಕಳಿಸಿದವಳಲ್ಲ. ಅವಳನ್ನು ಅನ್ನಪೂರ್ಣೆ ಎಂದೇ ಕರೆಯುತ್ತಿದ್ದರು. ಆದರೆ ಕೊಟ್ಟ ಪ್ರತಿ ಸೇರಿಗೂ ಅವಳು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಗೀಟು ಹಾಕುತ್ತಿದ್ದಳು. ಕೊಯ್ಲು ಬಂದಾಗ ಆ ಗೀಟುಗಳೆಲ್ಲ ಮೈಮುರಿಯುವ ಕೆಲಸವಾಗಿ ಹಿಂದಕ್ಕೆ ಬರಬೇಕು. ಒಂದು ಆಟಿಯ ಅಕ್ಕಿ ತೀರುವುದರೊಳಗೆ ಇನ್ನೊಂದು ಆಟಿ ಬಂದಿರುತ್ತಿತ್ತು. ಅಜ್ಜಿ ಕೆಟ್ಟವಳಲ್ಲ. ಅವಳ ಅನ್ನ ಹಸಿದವರ ಜೀವ ಉಳಿಸಿದ್ದೂ ನಿಜ, ಅವರನ್ನು ಹಿತ್ತಲ ಬಾಗಿಲಿಗೆ ಕಟ್ಟಿಹಾಕಿದ್ದೂ ನಿಜ. ಅಕ್ಕಿ ಕೊಡುವವರ ಕೈ ಮೇಲೆ, ತೆಗೆದುಕೊಳ್ಳುವವರ ಕೈ ಕೆಳಗೆ. ಸಂಬಳದಲ್ಲಿ ಹಾಗಿಲ್ಲ. ಸಂಬಳ ತೆಗೆದುಕೊಳ್ಳುವವಳು ಎದುರಿಗೆ ನಿಂತು ಎಣಿಸಿ ತೆಗೆದುಕೊಳ್ಳಬಹುದು, ಕಡಿಮೆಯಿದ್ದರೆ ಕೇಳಬಹುದು. ಕಿಟ್ಟು ಹಂಚುವಾಗ ಎಷ್ಟು ಫೋಟೋ ತೆಗೆದರು ನೋಡಿ! ಸಂಬಳ ಕೊಡುವಾಗ ಯಾರಾದರೂ ಫೋಟೋ ತೆಗೆಯುತ್ತಾರೆಯೇ?

ಇನ್ನು ಕೆಲಸ ಮಾಡದ ದಿನದ ಸಂಬಳದ ಮಾತು. ನಾನು ಟೀಚರು. ಕೊರೋನಾ ಬರುವ ಎಷ್ಟೋ ವರ್ಷ ಮೊದಲಿನಿಂದ ಪ್ರತಿ ಬೇಸಿಗೆ ರಜೆಯಲ್ಲಿ ಮನೆಯಲ್ಲಿ ಕುಳಿತು ಸಂಬಳ ತೆಗೆದುಕೊಂಡಿದ್ದೇನೆ. ದಸರೆ ರಜೆಯಲ್ಲೂ, ಆದಿತ್ಯವಾರಗಳಲ್ಲೂ ತೆಗೆದುಕೊಂಡಿದ್ದೇನೆ. ಇಬ್ಬರು ಮಕ್ಕಳ ಹೆರಿಗೆಯಲ್ಲೂ ತೆಗೆದುಕೊಂಡೆ. ಅದನ್ನು ದಾನವೆಂದು ಯಾರಾದರೂ ಅಂದರೆ ನನಗೆ ಸಿಟ್ಟು ಬಂದೀತು. ಏಕೆಂದರೆ ಜೂನ್ ತಿಂಗಳಲ್ಲಿ ಮತ್ತೆ ಪಾಠ ಮಾಡಲು ನಾನು ಏಪ್ರಿಲ್, ಮೇ ತಿಂಗಳುಗಳಲ್ಲಿ ಬದುಕಿರಬೇಕಷ್ಟೆ? ಸಂಬಳವೆಂದರೆ ಮಾಡಿದ ಗಂಟೆಗಳ ಬೆಲೆ ಮಾತ್ರ ಎಂದು ನಾವು ಎಣಿಸುತ್ತೇವೆ. ನಾಳೆಯೂ ಈ ಮನುಷ್ಯ ನಮ್ಮ ಕೆಲಸಕ್ಕೆ ಬರಬೇಕಾದರೆ ಇಂದು ಅವಳ ಮನೆಯ ಒಲೆ ಉರಿಯಬೇಕು. ಅದರ ಖರ್ಚೂ ಅದರಲ್ಲಿ ಸೇರಿದೆ. ನನ್ನ ವಿಷಯದಲ್ಲಿ ಇದನ್ನು ಸರಕಾರ ಒಪ್ಪಿದೆ. ಅವಳ ವಿಷಯದಲ್ಲಿ ನಾನು ಒಪ್ಪಿರಲಿಲ್ಲ. ಮನೆಗೆಲಸವನ್ನು ಕರ್ನಾಟಕ ಸರಕಾರ 2004ರಲ್ಲೇ ಕನಿಷ್ಠ ವೇತನದ ಪಟ್ಟಿಗೆ ಸೇರಿಸಿತ್ತು. ಬಿ.ಎ., ಬಿ.ಎಡ್. ಓದಿದ ನನಗೆ ಅದು ತಿಳಿದದ್ದು ಈ ಕ್ಯಾಲೆಂಡರ್ ಸಿಕ್ಕಿದ ಮೇಲೆ. 2021ರ ಮೇ ತಿಂಗಳಲ್ಲಿ ಮನೆಗೆಲಸದವರೂ ಸೇರಿ ಅಸಂಘಟಿತ ಕಾರ್ಮಿಕರಿಗೆ ಸರಕಾರ 2,000 ರೂಪಾಯಿ ಘೋಷಿಸಿದಾಗ "ಪಾಪ, ಒಳ್ಳೆಯದಾಯಿತು" ಎಂದಿದ್ದೆ. ಸರಕಾರ ಕೊಡಬೇಕಾದದ್ದು ಎರಡು ಸಾವಿರ, ನಾನು ಕೊಡಬೇಕಾದದ್ದು ಅದಕ್ಕಿಂತ ಹೆಚ್ಚು ಎಂಬುದು ತೋಚಲೇ ಇಲ್ಲ.

ಹೀಗೆಂದು ಎಲ್ಲ ಮಾಲಿಕರಿಗೂ ಒಂದೇ ಅಳತೆ ಹಿಡಿಯಬೇಕೆಂದು ನಾನು ಹೇಳುವುದಿಲ್ಲ. ತನ್ನ ಒಲೆಯೇ ಆರಿದವನು ಇನ್ನೊಬ್ಬರ ಒಲೆಗೆ ಎಲ್ಲಿಂದ ಕೊಳ್ಳಿ ತಂದಾನು? ಶಟರು ಹಾಕಿದ ಸಣ್ಣ ಅಂಗಡಿಯವನ ಕಷ್ಟ ನನ್ನ ಮನೆಯಲ್ಲೇ ನೋಡಿದ್ದೇನೆ. ಆದರೆ ನನಗೆ ಬರುವುದು ಬರುತ್ತಿತ್ತು. ಯಾರಿಗೆ ಬರುತ್ತಿತ್ತೋ ಅವರು ಮುಂದಿನ ಕೈಗೆ ದಾಟಿಸಬೇಕಿತ್ತು. ಇಡೀ ಸರಪಳಿಯನ್ನು ನಾನು ಹಿಡಿದು ನಿಲ್ಲಿಸಲಾರೆ; ನನ್ನ ಒಂದು ಕೊಂಡಿಯನ್ನು ಬಿಡದೆ ಇರುವುದು ನನ್ನ ಕೈಯಲ್ಲಿತ್ತು.

ಕಳೆದ ಜನವರಿಯಲ್ಲಿ ತವರಿಗೆ ಹೋದಾಗ ಅವಳ ಮನೆ ಹುಡುಕಿಕೊಂಡು ಹೋದೆ. ಮೇ ತಿಂಗಳ ಉಳಿದರ್ಧ 1,250, ಜೂನ್ ಜುಲೈಯ 5,000, ಒಟ್ಟು 6,250 ರೂಪಾಯಿ. ತಡವಾದದ್ದಕ್ಕೆ ಇರಲಿ ಎಂದು ಲಕೋಟೆಯಲ್ಲಿ ಹತ್ತು ಸಾವಿರ ಇಟ್ಟಿದ್ದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಪಾಠದ ಟಿಪ್ಪಣಿಯಂತೆ ಮನಸ್ಸಿನಲ್ಲೇ ಬರೆದುಕೊಂಡೆ.

ಅವಳು ಗೇರುಬೀಜದ ಫ್ಯಾಕ್ಟರಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ನನ್ನನ್ನು ಕಂಡು ಸಂತೋಷಪಟ್ಟಳು, ಅತ್ತೆಯನ್ನು ವಿಚಾರಿಸಿದಳು. ಬೆಲ್ಲ, ನೀರು ತಂದಿಟ್ಟಳು. ನಾನು ಬೆಂಚಿನ ಮೇಲೆ, ಅವಳು ಎದುರಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತೆವು. ನಮ್ಮ ಮನೆಯಲ್ಲಿ ಒಂಬತ್ತು ವರ್ಷ ನಾವಿಬ್ಬರೂ ಎದುರೆದುರು ಕುಳಿತದ್ದಿಲ್ಲ. ಲಕೋಟೆ ಕೊಟ್ಟೆ. ಬಿಚ್ಚಿ ನೋಡಿ ತುಳುವಿನಲ್ಲಿ ಕೇಳಿದಳು:

"ಇದು ಯಾವ ದುಡ್ಡು ಟೀಚರೇ?"

"ಆಗ ಕೊಡದೆ ಬಾಕಿ ಇಟ್ಟದ್ದು. ನಿನ್ನ ಸಂಬಳ."

"ಸಂಬಳವಾ?" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮೇ ತಿಂಗಳಿನದು ನೀವು ಅರ್ಧ ಕೊಟ್ಟಿದ್ದಿರಿ. ಇನ್ನರ್ಧ, ಮತ್ತೆ ಎರಡು ತಿಂಗಳಿನದು" ಎಂದಳು. ಲೆಕ್ಕ ನನ್ನ ಕ್ಯಾಲೆಂಡರಿನಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ. ಅವಳಲ್ಲೂ ಇತ್ತು. ಐದು ವರ್ಷ ಇತ್ತು. ಅವಳು ಕೇಳಿರಲಿಲ್ಲ, ಅಷ್ಟೆ.

ನೋಟುಗಳನ್ನು ಎಣಿಸಿ ಐನೂರರ ಏಳು ನೋಟು ಬೇರೆ ಮಾಡಿದಳು. ಒಳಗೆ ಹೋಗಿ ಇನ್ನೂರೈವತ್ತು ರೂಪಾಯಿ ಚಿಲ್ಲರೆ ತಂದು, ಆ ಏಳು ನೋಟುಗಳ ಜೊತೆ ಸೇರಿಸಿ ನನ್ನ ಕೈಯಲ್ಲಿಟ್ಟಳು. "ಇಟ್ಟುಕೋ, ತಡವಾಯಿತಲ್ಲ" ಎಂದೆ. "ಸಂಬಳ ಅಂದಿರಲ್ಲ ಟೀಚರೇ, ಸಂಬಳ ಇಷ್ಟೇ" ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಹೊರಡುವಾಗ ಗೇಟಿನವರೆಗೆ ಬಂದು, ಮಗಳ ಮದುವೆಯ ಮಾತು ಬಂದಾಗ, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು: "ಆ ಜುಲೈಯಲ್ಲಿ ಬೆಂಡೋಲೆ ಸೊಸೈಟಿಯಲ್ಲಿ ಅಡವಿಟ್ಟಿದ್ದೆ. ಬಿಡಿಸಲಿಕ್ಕೆ ಆಗಲಿಲ್ಲ. ಹೋಯಿತು."

ಬಸ್ಸಿನಲ್ಲಿ ಬರುವಾಗ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು. ಅವಳ ಕಥೆಯನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ, ಪ್ರಶ್ನೆ ಕೇಳಿದ್ದೇನೆ, ಉತ್ತರಕ್ಕೆ ಅಂಕ ಕೊಟ್ಟಿದ್ದೇನೆ.

ಕೊಡಬೇಕಾದದ್ದನ್ನು ಕೊಟ್ಟೆನೆಂಬ ಸಮಾಧಾನ ನನಗೆ ಪೂರ್ತಿ ಸಿಕ್ಕಿಲ್ಲ. 2020ರ ಜುಲೈಯ 2,500 ರೂಪಾಯಿಗೆ ಆ ಜುಲೈಯಲ್ಲಿ ಒಂದು ಜೊತೆ ಬೆಂಡೋಲೆ ಉಳಿಸುವ ಶಕ್ತಿಯಿತ್ತು. ಐದು ವರ್ಷದ ನಂತರದ ಅದೇ ದುಡ್ಡಿಗೆ ಆ ಶಕ್ತಿಯಿಲ್ಲ. ಹಿಂದಕ್ಕೆ ಬಂದ 3,750 ರೂಪಾಯಿಯನ್ನು ಏನು ಮಾಡಬೇಕೆಂದು ತೋಚದೆ ಲಕೋಟೆಯಲ್ಲೇ ಇಟ್ಟಿದ್ದೇನೆ. ಈಗ ನಮ್ಮ ಮನೆಗೆ ಬೇರೊಬ್ಬಳು ಬರುತ್ತಾಳೆ. ಅವಳಿಗೆ ತಿಂಗಳಿಗೆ ನಾಲ್ಕು ರಜೆ, ಮಳೆಗಾಲದಲ್ಲಿ ಜ್ವರ ಬಂದು ಮಲಗಿದರೂ ಸಂಬಳ ಎಂದು ಮೊದಲೇ ಮಾತಾಗಿದೆ. ಕ್ಯಾಲೆಂಡರಿನಲ್ಲಿ ಏಕಾದಶಿ ಇದೆ, ಗ್ಯಾಸ್ ಬಂದ ದಿನ ಇದೆ. ಕೆಂಪು ಪೆನ್ನನ್ನು ಶಾಲೆಯ ಚೀಲದಲ್ಲಿ ಇಟ್ಟಿದ್ದೇನೆ.